ಗಾದಿಗೊಂದು ಕುಣಿ

ನಮ್ಮ ಅಂಗಡಿಯಲ್ಲಿ ಕುರ್ಚಿ ಇಲ್ಲ. ಕೋಠಿಯ ಸೀರೆ ಅಂಗಡಿಗಳೆಲ್ಲ ಗಾಜಿನ ಬಾಗಿಲು, ತಿರುಗುವ ಸ್ಟೂಲು, ಸೀರೆ ಉಟ್ಟ ಗೊಂಬೆ ಅಂತ ಬದಲಾಗಿ ಹೋದರೂ ನಮ್ಮ ಸಾಹುಕಾರರು ತಮ್ಮ ತಂದೆಯ ಕಾಲದ ಗಾದಿಯನ್ನು ಬಿಟ್ಟಿಲ್ಲ. ಮೊಣಕಾಲೆತ್ತರದ ಹಲಗೆಯ ಕಟ್ಟೆ, ಅದರ ಮೇಲೆ ಹತ್ತಿಯ ಗಾದಿ, ಗಾದಿಯ ಮೇಲೆ ಬಿಳಿ ಹಾಸು. ಗಿರಾಕಿಗಳು ಚಪ್ಪಲಿ ಬಿಟ್ಟು ಮೇಲೆ ಹತ್ತಿ ಕೂರುತ್ತಾರೆ. ಅವರೆದುರು ನಾವು ಚಕ್ಕಳಮಕ್ಕಳ ಹಾಕಿ ಕೂರುತ್ತೇವೆ. ಬೆಳಿಗ್ಗೆ ಗಾದಿಯನ್ನು ಮುಟ್ಟಿ ಕಣ್ಣಿಗೊತ್ತಿಕೊಂಡೇ ಏರುವುದು ರೂಢಿ. ಅದರ ಮೇಲೆ ಕಾಲು ಚಾಚಿದರೆ ಲಕ್ಷ್ಮಿಗೆ ಕಾಲು ತೋರಿಸಿದ ಹಾಗೆ. ಬೆನ್ನು ನೋಯಲಿ, ಪಾದ ಜೋಮು ಹಿಡಿಯಲಿ, ಮಡಚಿದ ಕಾಲು ಮಡಚಿದ ಹಾಗೇ ಇರಬೇಕು. ನನ್ನ ಗೆಳೆಯನ ಮೊಣಕಾಲು ಮುರಿದಾಗ ಮುರಿದದ್ದು ಬರೀ ಎಲುಬಲ್ಲ ಅನ್ನುವುದು ಇಷ್ಟರಿಂದ ತಿಳಿದೀತು.

ಆ ಗಾದಿಯ ಮೇಲೆ ನಾವಿಬ್ಬರು ಜೋಡಿ. ಅವನು ತೋರಿಸುವವನು, ನಾನು ಕಪಾಟಿನಿಂದ ತೆಗೆದುಕೊಡುವವನು ಮತ್ತು ಮಡಚಿಡುವವನು. ಅವನು ಬೀದರ ಕಡೆಯವನು. ಬಂದ ಹೆಂಗಸಿನ ಮುಖ ನೋಡಿಯೇ ಕನ್ನಡವೋ ತೆಲುಗೋ ದಖನಿಯೋ ಎಂದು ಗುರುತಿಸಿ ಮಾತಿಗಿಳಿಯುತ್ತಿದ್ದ. ಮಾತು ನಡೆದಿರುವಾಗಲೇ ಮಂಡಿಯ ಮೇಲೆ ಅರ್ಧ ಎದ್ದು, ಸೀರೆಯನ್ನು ಒಂದು ಸಲ ಝಾಡಿಸಿ ಬೀಸಿದನೆಂದರೆ ಅದು ಗಾದಿಯುದ್ದಕ್ಕೂ ಹರಿದು, ಸೆರಗು ಸರಿಯಾಗಿ ಗಿರಾಕಿಯ ಮಡಿಲ ಮುಂದೆ ಬಂದು ನಿಲ್ಲುತ್ತಿತ್ತು. ನಾನೂ ಬೀಸಿ ನೋಡಿದ್ದೇನೆ. ನನ್ನದು ಮಾರುದ್ದ ಹೋಗಿ ಮುದುಡಿಕೊಳ್ಳುತ್ತದೆ.

ಮುಂಗಾರಿನ ಮೊದಲ ಮಳೆ ಬಿದ್ದ ಸಂಜೆ ಅವನು ಸ್ಕೂಟರಿನ ಮುಂದೆ ಸೀರೆಯ ಗಂಟಿಟ್ಟುಕೊಂಡು ಚಾದರ್‌ಘಾಟ್ ಸೇತುವೆಯ ಇಳಿಜಾರಿನಲ್ಲಿ ಬರುತ್ತಿದ್ದ. ಹಸಿ ರಸ್ತೆಯಲ್ಲಿ ಚಕ್ರ ಜಾರಿತು. ಬೀಳುವಾಗ ಆ ಪುಣ್ಯಾತ್ಮ ಹ್ಯಾಂಡಲ್ ಬಿಟ್ಟು ಗಂಟನ್ನು ಅವಚಿಕೊಂಡನಂತೆ. ಸೀರೆಗಳಿಗೆ ಒಂದು ಹನಿ ಕೆಸರು ತಾಗಲಿಲ್ಲ. ಅವನ ಎಡ ಮೊಣಕಾಲಿನ ಕೆಳಗಿನ ಎಲುಬಿನ ತಲೆ ಮಾತ್ರ ಚೂರುಚೂರಾಗಿತ್ತು. ಡಾಕ್ಟರು ಚೂರುಗಳನ್ನು ಕೂಡಿಸಿ ಪ್ಲೇಟು, ಸ್ಕ್ರೂ ಹಾಕಿದರು. ಕೆಲವು ವಾರ ಆ ಕಾಲಿನ ಮೇಲೆ ಭಾರ ಹಾಕಬಾರದು, ಆದರೆ ಮೊಣಕಾಲು ಮಾತ್ರ ಬೇಗ ಬೇಗ ಮಡಚಲು ಕಲಿಯಬೇಕು ಅಂದರು. ಈ ಎರಡನ್ನೂ ಒಟ್ಟಿಗೆ ಮಾಡುವುದು ಎಷ್ಟು ಕಷ್ಟ ಎಂದು ನಮಗಾಗ ಗೊತ್ತಿರಲಿಲ್ಲ.

ಆಸ್ಪತ್ರೆಯಲ್ಲಿ ವಾಕರ್ ಹಿಡಿದು ಮೊದಲ ಸಲ ಏಳುವಾಗ ನಾನು ಅವನ ತೋಳಿಗೆ ಕೈ ಹಾಕಿದೆ. ಕೊಡವಿಬಿಟ್ಟ.

"ಕೈ ಹಿಡೀಬ್ಯಾಡೋ. ನಾ ಏನ್ ಮುದುಕಾಗೀನೇನು?"

ಅಂದ ಕೂಡಲೇ ತೂಗಾಡಿ ಮಂಚದ ಮೇಲೆ ಕುಸಿದ. ಮತ್ತೆ ಎದ್ದ. ಆಗಲೂ ನನ್ನ ಕೈ ಹಿಡಿಯಲಿಲ್ಲ. ಸಹಾಯ ಬೇಕಾದವನಿಗೆ ಸಹಾಯ ಮಾಡುವುದು ಒಂದು ಕೆಲಸ. ಬೇಡ ಅನ್ನುವವನಿಗೆ ಮಾಡುವುದು ಎರಡು ಕೆಲಸ. ಬೀಳದ ಹಾಗೆ ನೋಡಿಕೊಳ್ಳಬೇಕು, ನೋಡುತ್ತಿದ್ದೇನೆಂದು ತೋರಿಸಿಕೊಳ್ಳಲೂ ಬಾರದು.

ಸಾಹುಕಾರರು ಮೋಸಂಬಿಯ ಚೀಲ ಹಿಡಿದು ನೋಡಲು ಬಂದರು. ಮೂರು ತಲೆಮಾರಿನ ಹಿಂದೆ ಕಲಬುರಗಿಯಿಂದ ಬಂದ ಮನೆತನ, ಮಾತು ಇನ್ನೂ ಅಲ್ಲಿಯದೇ. ಸ್ವಲ್ಪ ಹೊತ್ತು ಅದೂ ಇದೂ ಮಾತಾಡಿ, ಹೊರಡುವ ಮುನ್ನ ವಿಷಯಕ್ಕೆ ಬಂದರು.

"ತುಳಸಿ ಲಗ್ನದ ತನಕ ನಿನ್ನ ಜಾಗಾ ಖಾಲಿ ಇಡ್ತೀನಪಾ. ಆಮ್ಯಾಲೆ ಲಗ್ನಸರಾಯಿ, ಗಾದಿ ಖಾಲಿ ಇಡಾಕ ಆಗಂಗಿಲ್ಲ. ಅಷ್ಟರಾಗ ಕುಂಡ್ರಾಕ ಬರಲಿಲ್ಲಂದ್ರ ಗೋಡೌನಿನ್ಯಾಗ ಚೀಟಿ ಹಚ್ಚೋ ಕೆಲಸ ಐತಿ. ನಿನ್ನ ಪಗಾರ ಏನೂ ನಿಲ್ಲಂಗಿಲ್ಲ. ಚಿಂತಿ ಮಾಡಬ್ಯಾಡ."

ಅವರ ಪ್ರಕಾರ ಅದು ದೊಡ್ಡ ಮನಸ್ಸು, ನಿಜವಾಗಿಯೂ ದೊಡ್ಡದೇ. ಆದರೆ ನಮ್ಮ ಗೋಡೌನು ಅಂಗಡಿಯ ಮಾಳಿಗೆಯ ಮೇಲಿನ ತಗಡಿನ ಕೋಣೆ. ಅಲ್ಲಿ ಸೀರೆಗೆ ಬೆಲೆಚೀಟಿ ಹಚ್ಚುತ್ತಾ ಒಬ್ಬನೇ ಕೂರಬೇಕು. ಗಿರಾಕಿಯಿಲ್ಲ, ಮಾತಿಲ್ಲ. ಸಾಹುಕಾರರು ಹೋದ ಮೇಲೆ ಅವನು ಗೋಡೆ ನೋಡುತ್ತಾ, "ಚೀಟಿ ಜೋಡಿ ಏನ್ ಮಾತಾಡ್ಲಿ ದೋಸ್ತ?" ಅಂದ. ಆ ಹೊತ್ತಿನಿಂದ ತುಳಸಿ ಲಗ್ನ ಅನ್ನುವುದು ನಮ್ಮಿಬ್ಬರ ತಲೆಯ ಮೇಲೆ ಬಂದು ಕೂತಿತು.

ಅವನ ಮನೆ ದಿಲ್‌ಸುಖ್‌ನಗರದ ಒಂದು ಓಣಿಯಲ್ಲಿ. ಹೆಂಡತಿ ಅಲ್ಲೇ ಕೋಚಿಂಗ್ ಹುಡುಗಿಯರ ಹಾಸ್ಟೆಲ್ಲಿನಲ್ಲಿ ಅಡುಗೆ ಮಾಡುತ್ತಾಳೆ. ನಾಷ್ಟಾ ತಯಾರಾಗಬೇಕೆಂದು ಬೆಳಕು ಹರಿಯುವ ಮೊದಲೇ ಹೋಗಿಬಿಡಬೇಕು. ವ್ಯಾಯಾಮ ಮಾಡಿಸುವವರು ಬೆಳಿಗ್ಗೆ ಒಬ್ಬರು ಬೇಕು. ಆ ಒಬ್ಬ ನಾನಾದೆ. ನಾನಿರುವುದು ಮಲಕ್‌ಪೇಟೆಯಲ್ಲಿ. ಮೆಟ್ರೊದಲ್ಲಿ ದಿಲ್‌ಸುಖ್‌ನಗರಕ್ಕೆ ಹೋಗಿ, ಅವನ ಕಾಲಿನ ಕೆಲಸ ಮುಗಿಸಿ, ಅದೇ ಮೆಟ್ರೊದಲ್ಲಿ ನನ್ನ ಮನೆಯನ್ನು ದಾಟಿಕೊಂಡು ಕೋಠಿಗೆ ಬರುತ್ತಿದ್ದೆ. ಅವಳು ಒಮ್ಮೊಮ್ಮೆ ಬಾಗಿಲಲ್ಲೇ ಎದುರಾಗುತ್ತಿದ್ದಳು.

"ಅಣ್ಣಾರ, ಚಹಾ ಒಲಿ ಮ್ಯಾಲೆ ಐತ್ರಿ. ಅವರು ಏನರ ಅಂದ್ರ ಮನಸ್ಸಿಗೆ ಹಚ್ಕೋಬ್ಯಾಡ್ರಿ."

"ಇಲ್ಲ ತಂಗಿ, ನೀ ಹೋಗು," ಅನ್ನುತ್ತಿದ್ದೆ. ಹಚ್ಚಿಕೊಳ್ಳುತ್ತಿದ್ದದ್ದು ಮಾತ್ರ ನಿಜ.

ಕೆಲಸದ ಕ್ರಮ ಹೀಗೆ. ಮೊದಲು ಬಿಸಿನೀರಿನಲ್ಲಿ ಹಿಂಡಿದ ಟವೆಲನ್ನು ಮೊಣಕಾಲಿಗೆ ಸುತ್ತಿ ಬಿಗಿತ ಸಡಿಲಿಸುವುದು. ಆಮೇಲೆ ಮಲಗಿಸಿ, ಹಿಮ್ಮಡಿಯನ್ನು ಹಾಸಿಗೆಯ ಮೇಲೆ ಜಾರಿಸುತ್ತಾ ಕುಂಡೆಯ ಕಡೆಗೆ ತರುವುದು. ಹಿಮ್ಮಡಿ ಬಟ್ಟೆಗೆ ಸಿಕ್ಕಿಕೊಳ್ಳುತ್ತಿತ್ತು. ಅದಕ್ಕೆ ನಾನು ಅಂಗಡಿಯಿಂದ ಸೀರೆಯ ಪ್ಲಾಸ್ಟಿಕ್ ಕವರು ತಂದು ಕೆಳಗೆ ಹಾಸಿ, ಪೌಡರ್ ಉದುರಿಸಿದೆ, ಜಾರತೊಡಗಿತು. ಬಳಿಕ ಮಂಚದ ಅಂಚಿಗೆ ಕೂತು ಕಾಲು ಇಳಿಬಿಟ್ಟು, ಒಳ್ಳೆಯ ಕಾಲಿನಿಂದ ಕೆಟ್ಟ ಕಾಲನ್ನು ಮೆಲ್ಲಗೆ ಹಿಂದಕ್ಕೆ ಒತ್ತುವುದು. ಕೊನೆಗೆ ಮೂಲೆಯ ಲಸ್ಸಿ ಅಂಗಡಿಯಿಂದ ತಂದ ಐಸನ್ನು ಬಟ್ಟೆಯಲ್ಲಿ ಕಟ್ಟಿ ಇಡುವುದು. ಇದನ್ನೆಲ್ಲ ಹೇಳಿಕೊಟ್ಟವರು ವಾರಕ್ಕೊಮ್ಮೆ ನಾವು ತೋರಿಸಲು ಹೋಗುತ್ತಿದ್ದ ಫಿಸಿಯೋ ಮೇಡಂ, ತೆಲುಗಿನವರು. ಎರಡು ಕೈಯ ಪ್ಲಾಸ್ಟಿಕ್ ಅಳತೆಪಟ್ಟಿ ಹಿಡಿದು ಮೊಣಕಾಲು ಎಷ್ಟು ಮಡಚಿತೆಂದು ಅಳೆಯುತ್ತಿದ್ದರು. ನೋವಿರುತ್ತದೆ, ಆದರೆ ಒತ್ತಾಯ ಮಾಡಬೇಡಿ, ಬಾವು ಬಂದರೆ ನಿಲ್ಲಿಸಿ ಅನ್ನುವುದು ಅವರ ನಿತ್ಯದ ಮಂತ್ರ.

ಆ ಪಟ್ಟಿಯ ಮೇಲೆ ಅವನಿಗೆ ನಂಬಿಕೆಯಿಲ್ಲ. ಬಟ್ಟೆ ಅಳೆಯುವವನಿಗೆ ತನ್ನ ಕೈಯೇ ಅಳತೆ. ಹಿಮ್ಮಡಿಗೂ ಕುಂಡೆಗೂ ನಡುವೆ ಎಷ್ಟು ಗೇಣು ಉಳಿಯಿತೆಂದು ಗೇಣು ಹಾಕಿ ನೋಡು ಅನ್ನುತ್ತಿದ್ದ. ನಾನು ಹಾಕುತ್ತಿದ್ದೆ. ಮೊದಮೊದಲು ಗೇಣು ಬೇಗ ಬೇಗ ಕಡಿಮೆಯಾಯಿತು. ಆಮೇಲೆ ಬೆರಳಿನ ಲೆಕ್ಕಕ್ಕೆ ಬಂತು. ಆಮೇಲೆ ಬೆರಳೂ ಸರಿಯದಾಯಿತು.

ನೋವಿನ ಬಗ್ಗೆ ಹೇಳಬೇಕು. ನೋವೆಂದರೆ ಚೀರುವುದು ಎಂದುಕೊಂಡಿದ್ದೆ. ಅವನು ಚೀರುತ್ತಿರಲಿಲ್ಲ, ಬೈಯುತ್ತಿದ್ದ. ಮೂರು ಭಾಷೆಯಲ್ಲಿ, ನನ್ನನ್ನು, ನನ್ನ ಹಿರಿಯರನ್ನು, ಮೆಟ್ರೊದವರನ್ನು. ಬೈಗುಳ ಮುಗಿದಾಗ ಕಣ್ಣಿಂದ ನೀರಿಳಿಯುತ್ತಿತ್ತು. ಅದನ್ನು ನಾನು ನೋಡಬಾರದಾಗಿತ್ತು. ಐಸ್ ತರುವ ನೆಪದಲ್ಲಿ ಹೊರಗೆ ಹೋಗುತ್ತಿದ್ದೆ. ಒಂದೊಂದು ದಿನ ಅವನ ಮನೆಯ ಮೆಟ್ಟಿಲು ಹತ್ತುವಾಗ, ದೇವರೇ, ಇವತ್ತು ಇವನು ಗಾಢ ನಿದ್ದೆಯಲ್ಲಿರಲಿ ಎಂದು ಬೇಡಿಕೊಂಡದ್ದುಂಟು. ಅವನು ಯಾವಾಗಲೂ ಎಚ್ಚರವಾಗಿಯೇ ಇರುತ್ತಿದ್ದ, ಕವರು ಹಾಸಿಕೊಂಡು.

ಅಂಗಡಿಯಲ್ಲಿ ನಾನೇ ತೆಗೆಯಬೇಕು, ನಾನೇ ತೋರಿಸಬೇಕು, ನಾನೇ ಮಡಚಬೇಕು. ನನ್ನ ಬಾಯಿ ಅಷ್ಟಕ್ಕಷ್ಟೇ. "ಇದು ಚಂದ ಐತ್ರಿ" ಅಂದ ಮೇಲೆ ಇನ್ನೇನು ಹೇಳಬೇಕೆಂದು ತೋಚುವುದಿಲ್ಲ. ಗಿರಾಕಿಗಳು ಎರಡು ಸೀರೆ ನೋಡಿ, "ಮಳ್ಳೀ ವಸ್ತಾಮು" ಅಂತ ಎದ್ದು ಹೋಗುತ್ತಿದ್ದರು. ಮತ್ತೆ ಬರುತ್ತೇವೆ ಅಂದವರು ಬಂದದ್ದನ್ನು ಯಾವ ಅಂಗಡಿಯವನೂ ಕಂಡಿಲ್ಲ. ಸಾಹುಕಾರರು ಏನೂ ಅನ್ನುತ್ತಿರಲಿಲ್ಲ, ಕನ್ನಡಕ ತೆಗೆದು ಒರೆಸುತ್ತಿದ್ದರು. ಸಂಜೆ ಮೆಟ್ರೊದಲ್ಲಿ ಕಂಬಕ್ಕೆ ಒರಗಿ ನಿಂತಲ್ಲೇ ನಿದ್ದೆ ಹೋಗಿ, ಮಲಕ್‌ಪೇಟೆ ದಾಟಿ, ಬೆಳಿಗ್ಗೆ ಹೋಗಬೇಕಾದ ದಿಲ್‌ಸುಖ್‌ನಗರದಲ್ಲಿ ಸಂಜೆಯೇ ಇಳಿದದ್ದೂ ಇದೆ.

ದಸರೆಯ ಹೊತ್ತಿಗೆ ಅವನು ಕೋಲು ಹಿಡಿದು ನಡೆಯುತ್ತಿದ್ದ. ಕುರ್ಚಿಯಲ್ಲಿ ಕೂರುತ್ತಿದ್ದ, ಮೆಟ್ಟಿಲು ಹತ್ತುತ್ತಿದ್ದ. ಬೇರೆಯವರಿಗಾದರೆ ಕಾಲು ವಾಸಿಯಾಯಿತು ಅನ್ನಬಹುದಿತ್ತು. ಚಕ್ಕಳಮಕ್ಕಳ ಹಾಕಲು ಮಾತ್ರ ಆಗುತ್ತಿರಲಿಲ್ಲ. ಕುರ್ಚಿಯ ಮಡಿಕೆಗಿಂತ ಇನ್ನೊಂದಿಷ್ಟು ಮಡಚಿ ಮೊಣಕಾಲು ನಿಂತುಬಿಟ್ಟಿತ್ತು. ಇಲ್ಲಿಂದ ಮುಂದೆ ನಿಧಾನ, ಬಹಳ ನಿಧಾನ ಎಂದು ಮೇಡಂ ಹೇಳಿದರು. ನಮಗೆ ನಿಧಾನಕ್ಕೆ ಪುರುಸೊತ್ತಿರಲಿಲ್ಲ.

ಒಂದು ಬೆಳಿಗ್ಗೆ ನಾನು ಎದ್ದದ್ದೇ ತಡವಾಯಿತು. ಹೋಗಿ ನೋಡಿದರೆ ಬಾಗಿಲು ಮುಂದಕ್ಕೆ ಎಳೆದಿತ್ತು. ಒಳಗೆ ಅವನು ಗೋಡೆಗೆ ಒರಗಿ ನೆಲದ ಮೇಲೆ ಕೂತಿದ್ದ. ಮುಖದ ಮೇಲೆ ಬೆವರು ಹರಿಯುತ್ತಿತ್ತು. ಎಡಗಾಲನ್ನು ಆದಷ್ಟೂ ಮಡಚಿ, ತೊಡೆ ಮತ್ತು ಕಣಕಾಲು ಎರಡನ್ನೂ ಸೇರಿಸಿ ಹೆಂಡತಿಯ ಹಳೆಯ ನೂಲಿನ ಸೀರೆಯಿಂದ ಸುತ್ತಿ ಸುತ್ತಿ ಬಿಗಿದಿದ್ದ. ಪಾದ ನೀಲಿಗಟ್ಟಿತ್ತು. ಅವನಿಗೆ ಗಂಟು ಎಟುಕುತ್ತಿರಲಿಲ್ಲ.

"ಬಿಚ್ಚೋ, ಜಲ್ದಿ," ಅಂದ. ಅಷ್ಟು ಸಣ್ಣ ದನಿ ಅವನಲ್ಲಿ ಇದೆಯೆಂದು ನನಗೆ ಗೊತ್ತಿರಲಿಲ್ಲ.

ಗಂಟು ಬಿಚ್ಚಲಾಗಲಿಲ್ಲ. ನಾವು ಸೀರೆಯ ಮೂಟೆಗೆ ಹಾಕುವ ಗಂಟು ಅದು, ಎಳೆದಷ್ಟೂ ಬಿಗಿಯಾಗುವಂಥದ್ದು. ಕತ್ತರಿ ತಂದು ಸೀರೆ ಕತ್ತರಿಸಿದೆ. ಕಾಲು ಬಿಡುಗಡೆಯಾದಾಗ ಅವನು ಮೊದಲ ಸಲ ಚೀರಿದ.

ಯಾಕೆ ಹೀಗೆ ಮಾಡಿಕೊಂಡ ಅಂತ ನಾನು ಕೇಳಬೇಕಾಗಿರಲಿಲ್ಲ. ನಮ್ಮ ಕಸುಬಿನವರಿಗೆ ಮಾತ್ರ ಹೊಳೆಯುವ ಬುದ್ಧಿಗೇಡಿತನ ಅದು. ಗರಿಗರಿ ಹೊಸ ರೇಷ್ಮೆ ಸೀರೆ ಮೊದಲು ಮಡಿಕೆ ನಿಲ್ಲುವುದಿಲ್ಲ, ಮಡಚಿದರೆ ಮತ್ತೆ ಬಿಚ್ಚಿಕೊಳ್ಳುತ್ತದೆ. ಅದನ್ನು ಬಿಗಿಯಾಗಿ ಮಡಚಿ, ಬಟ್ಟೆ ಸುತ್ತಿ ಕಟ್ಟಿ, ಅಟ್ಟಿಯ ತಳದಲ್ಲಿಟ್ಟುಬಿಟ್ಟರೆ ಮರುದಿನಕ್ಕೆ ಹೇಳಿದ ಮಾತು ಕೇಳುತ್ತದೆ. ಇಷ್ಟು ವರ್ಷ ಸೀರೆಗೆ ಮಾಡಿದ್ದನ್ನು ಕಾಲಿಗೆ ಮಾಡಿದ್ದ. ಹೆಂಡತಿ ಹೊರಟ ಮೇಲೆ ಕಟ್ಟಿಕೊಂಡು, ನಾನು ಬರುವಷ್ಟರಲ್ಲಿ ಬಿಚ್ಚಿದರಾಯಿತು ಎಂದುಕೊಂಡಿದ್ದನಂತೆ. ನಾನು ತಡವಾದೆ.

"ಘಳಿಗಿ ಕುಂಡರತೈತಿ ಅಂದ್ಕೊಂಡಿದ್ದೆ," ಅಂದ. ಘಳಿಗಿ ಅಂದರೆ ಸೀರೆಯ ಮಡಿಕೆ.

ಮೊಣಕಾಲು ಕುಂಬಳಕಾಯಿಯ ಹಾಗೆ ಊದಿಕೊಂಡಿತು. ಆಟೋದಲ್ಲಿ ಆಸ್ಪತ್ರೆಗೆ ಓಡಿದೆವು. ಪುಣ್ಯಕ್ಕೆ ಪಾದಕ್ಕೆ ರಕ್ತ ತಿರುಗಿ ಹರಿದಿತ್ತು, ಎಕ್ಸ್‌ರೇಯಲ್ಲಿ ಪ್ಲೇಟು ಸರಿಯಾಗಿತ್ತು. ನಡೆದದ್ದನ್ನು ಕೇಳಿ ಮೇಡಂ ಊದಿದ ಕಾಲನ್ನು ಮುಟ್ಟಿ ನೋಡಿದರು. ಆಮೇಲೆ, "ಇದಿ ಪಟ್ಟು ಚೀರ ಕಾದು ಅಣ್ಣಾ, ಮೋಕಾಲು" ಅಂದರು. ಇದು ರೇಷ್ಮೆ ಸೀರೆಯಲ್ಲ ಅಣ್ಣಾ, ಮೊಣಕಾಲು. ಬಾವು ಇಳಿಯುವ ತನಕ ವ್ಯಾಯಾಮ ಬಂದ್ ಆಯಿತು. ಬಾವು ಇಳಿದ ಮೇಲೆ ಪಟ್ಟಿ ಹಿಡಿದು ನೋಡಿದರೆ ಗಳಿಸಿದ್ದರಲ್ಲಿ ಅರ್ಧ ಹೋಗಿತ್ತು.

ಚಕ್ಕಳಮಕ್ಕಳದ ಬಗ್ಗೆ ನಾನು ಅವತ್ತು ಮೇಡಂ ಅವರನ್ನು ನೇರವಾಗಿಯೇ ಕೇಳಿದೆ. ಅವರೂ ನೇರವಾಗಿಯೇ ಹೇಳಿದರು. ಕುರ್ಚಿಯಲ್ಲಿ ಕೂರುವಷ್ಟು ತಿರುಗಿ ಬರುತ್ತದೆ, ಅದು ಖಚಿತ. ನೆಲದ ಮೇಲೆ ಕಾಲು ಮಡಚಿ ಕೂರುವುದು ಬರಬಹುದು, ಬಾರದೆಯೂ ಇರಬಹುದು. ಈ ವರ್ಷದೊಳಗೆ ಅಂತ ನಾನು ಮಾತು ಕೊಡಲಾರೆ. ಅರಿವಳಿಕೆ ಕೊಟ್ಟು ಮಡಚುವ ದಾರಿಯೊಂದಿದೆ, ಆದರೆ ಕೂಡಿಸಿದ ಎಲುಬು ಇಷ್ಟು ಹೊಸದಿರುವಾಗ ಡಾಕ್ಟರು ಒಪ್ಪುವುದಿಲ್ಲ. ಅವನು ಇದನ್ನೆಲ್ಲ ಕೇಳುತ್ತಾ ತಲೆ ತಗ್ಗಿಸಿ ತನ್ನ ಕಾಲನ್ನೇ ನೋಡುತ್ತಿದ್ದ. ಮನೆಗೆ ಹೋಗುವ ತನಕ ಮಾತಾಡಲಿಲ್ಲ. ಅವನು ಮಾತಾಡದೆ ಅಷ್ಟು ದೂರ ಹೋದದ್ದನ್ನು ನಾನು ಕಂಡದ್ದು ಅದೊಂದೇ ಸಲ.

ಮರುದಿನದಿಂದ ಅವನು ಕವರು ಹಾಸಿಕೊಳ್ಳಲಿಲ್ಲ. ನಾನು ಹೋದರೆ ಗೋಡೆಯ ಕಡೆ ಮುಖ ಮಾಡಿ ಮಲಗಿರುತ್ತಿದ್ದ.

"ನಾ ಗೋಡೌನಿಗೆ ಹೋಗ್ತೀನಿ ಬಿಡು. ನೀ ನಾಳೆಯಿಂದ ಬರಬ್ಯಾಡ."

"ಮೇಡಂ ಬಿಡಬ್ಯಾಡ ಅಂದಾರ. ಕುರ್ಚಿ ಮ್ಯಾಲೆ ಕುಂಡ್ರಾಕರ ಬೇಕಲ್ಲ?"

"ನಮ್ಮ ಅಂಗಡ್ಯಾಗ ಕುರ್ಚಿ ಎಲ್ಲೈತಿ?"

ನನಗೆ ತಡೆಯಲಾಗಲಿಲ್ಲ. ಮೂರೂ ಹೊತ್ತು ದಣಿದವನ ಸಿಟ್ಟಿಗೆ ಹದವಿರುವುದಿಲ್ಲ.

"ನಸುಕಿನ್ಯಾಗ ಎದ್ದು ನಿನ್ನ ಹಿಮ್ಮಡಿಗೆ ಪೌಡರ್ ಹಚ್ಚೋದು ನನಗೇನು ಚಟಾ ಅಂತ ತಿಳಿದೀಯೇನು? ಕಾಲು ನಿಂದು. ಬೇಕಾದ್ರ ಮಡಚು, ಬ್ಯಾಡಾದ್ರ ಬಿಡು!"

ಅಂದು ಚಪ್ಪಲಿ ಮೆಟ್ಟಿಕೊಂಡು ಬಂದುಬಿಟ್ಟೆ. ಮೆಟ್ರೊ ಹತ್ತುವಾಗ ಎದೆಯೊಳಗೆ ಸಂಕಟ, ಜೊತೆಗೆ ನಾಳೆ ಸ್ವಲ್ಪ ಹೆಚ್ಚು ಹೊತ್ತು ಮಲಗಬಹುದು ಅನ್ನುವ ಸಮಾಧಾನ. ಎರಡೂ ಇದ್ದವು.

ಆ ದಿನವೇ ಮಧ್ಯಾಹ್ನ ಒಬ್ಬ ಗಿರಾಕಿ ಗಾದಿಯ ಕೆಳಗಿನ ಮಾಲು ಕೇಳಿದರು. ನಮ್ಮ ಕಟ್ಟೆಯ ಹಲಗೆಗಳ ಕೆಳಗೆ ಪೊಳ್ಳು. ಹಲಗೆ ಎತ್ತಿದರೆ ಒಳಗೆ ಗೂಡುಗಳು, ಕಡಿಮೆ ಕೇಳುವ ಸೀರೆಗಳನ್ನು ಅಲ್ಲಿಡುತ್ತೇವೆ. ಮೂಲೆಯ ಗಾದಿ ಸರಿಸಿ, ಹಲಗೆ ತೆಗೆದು, ಬಗ್ಗಿ ಬಗ್ಗಿ ಸೀರೆ ಎತ್ತಿಕೊಟ್ಟೆ. ಅವರು ನೋಡಿ, ಮತ್ತೆ ಬರುತ್ತೇವೆಂದು ಹೋದರು. ನನಗೆ ಸೊಂಟ ಎತ್ತಲಾಗಲಿಲ್ಲ. ಹಲಗೆಯ ಅಂಚಿಗೆ ಕೂತು, ಖಾಲಿಯಾದ ಗೂಡಿನೊಳಗೆ ಕಾಲು ಇಳಿಬಿಟ್ಟು, ಹಾಗೇ ಸೀರೆ ಮಡಚತೊಡಗಿದೆ. ಸ್ವಲ್ಪ ಹೊತ್ತಿಗೆ ನನ್ನ ಬಲಗೈ ತಾನಾಗಿಯೇ ಮುಖದ ಮುಂದೆ ಏನನ್ನೋ ಹುಡುಕಿತು. ಅದು ಹುಡುಕಿದ್ದು ಮಗ್ಗದ ಲಾಳಿಯ ಹಗ್ಗ.

ನಾನು ಇಳಕಲ್ಲಿನ ನೇಕಾರರ ಮಗ. ನಮ್ಮ ಮನೆಯಲ್ಲಿದ್ದದ್ದು ಕುಣಿ ಮಗ್ಗ. ನೆಲದಲ್ಲಿ ತೋಡಿದ ಕುಣಿಯ ಅಂಚಿಗೆ ಅಪ್ಪ ಕೂರುತ್ತಿದ್ದ, ಕಾಲು ಕುಣಿಯೊಳಗೆ ತುಳಿಗೆಯ ಮೇಲೆ, ಸೊಂಟದ ಮೇಲಿನ ಮೈ ನೆಲದ ಮಟ್ಟಕ್ಕೆ. ಬಾಗಿಲಲ್ಲಿ ನಿಂತು ನೋಡಿದರೆ ನೆಲದ ಮೇಲೆ ಸುಮ್ಮನೆ ಕೂತಿದ್ದಾನೆ ಅನ್ನಿಸುತ್ತಿತ್ತು. ಸಂಜೆ ಕೆಲಸ ಮುಗಿದಾಗ ಒಂದು ಕೈ ಮೇಲಕ್ಕೆ ಚಾಚುತ್ತಿದ್ದ. ಹತ್ತಿರ ಯಾರಿದ್ದಾರೆ ಎಂದು ನೋಡುತ್ತಲೂ ಇರಲಿಲ್ಲ. ಯಾರಾದರೊಬ್ಬರು ಹಿಡಿದು ಎಳೆಯುತ್ತಿದ್ದೆವು.

ನನ್ನ ಮೊಣಕಾಲು ಈಗ ಎಷ್ಟು ಮಡಚಿದೆ ಎಂದು ನೋಡಿಕೊಂಡೆ. ಕುರ್ಚಿಯಲ್ಲಿ ಕೂತಷ್ಟೇ.

ಇಷ್ಟು ತಿಂಗಳು ನಾವು ಕಾಲನ್ನು ಗಾದಿಗೆ ಹೊಂದಿಸಲು ಹೆಣಗಿದ್ದೆವು. ಗಾದಿಯನ್ನು ಕಾಲಿಗೆ ಹೊಂದಿಸಬಾರದೆಂದು ಯಾರೂ ಹೇಳಿರಲಿಲ್ಲ, ಕೇಳಿರಲೂ ಇಲ್ಲ. ಹೋಗಿ ಸಾಹುಕಾರರ ಮುಂದೆ ನಿಂತೆ. ಹಿಂದೊಮ್ಮೆ ಗಾದಿಯ ಮೇಲೊಂದು ಸ್ಟೂಲು ಇಡೋಣವೇ ಎಂದು ಕೇಳಿ, "ಗಿರಾಕಿ ಕೆಳಗ, ನೌಕರ ಮ್ಯಾಲೆ ಕುಂಡ್ರೋದೇನು?" ಎಂದು ಬೈಸಿಕೊಂಡಿದ್ದೆ. ಈ ಸಲ ಎಲ್ಲ ಹೇಳಿ ಮುಗಿಸುವ ತನಕ ನಾನು ತಲೆ ಎತ್ತಲಿಲ್ಲ.

"ನಮ್ಮಪ್ಪನ ಗಾದಿ ಕೊಯ್ಯಬೇಕಂತಿ?" ಅಂದರು.

"ಒಂದು ಹಲಗಿ ಅಷ್ಟರೀ."

"ಮಾಲಿಡೋ ಜಾಗಾದಾಗ ಕಾಲಿಡ್ತಾನೇನು? ಲಕ್ಷ್ಮೀನ ತುಳಿದಂಗ ಆಗಂಗಿಲ್ಲೇನು?"

"ಆ ಗೂಡು ಖಾಲಿ ಮಾಡ್ತೀನ್ರಿ. ಮತ್ತ ಸಾಹುಕಾರ್ರ, ಕುಣಿಯಾಗ ಕಾಲು ಬಿಟ್ಕೊಂಡು ಕುಂತವರೇ ಇಳಕಲ್ ಸೀರಿ ನೇಯ್ದಾರ್ರಿ. ಲಕ್ಷ್ಮಿ ಅಲ್ಲಿಂದನ ಎದ್ದು ನಿಮ್ಮ ಅಂಗಡಿಗೆ ಬಂದಾಳ."

ಅವರು ಕನ್ನಡಕ ತೆಗೆದು ಬಹಳ ಹೊತ್ತು ಒರೆಸಿದರು. ಆಮೇಲೆ, "ರವಿವಾರ ಅಂಗಡಿ ಬಂದ್ ಇರ್ತೈತಿ. ಬಡಿಗ್ಯಾನ್ನ ಕರಸು. ಹಲಗಿ ಎತ್ತೋ ಮೊದಲು ಒಂದು ಕಾಯಿ ಒಡಿ," ಅಂದರು.

ಇನ್ನು ಒಪ್ಪಿಸಬೇಕಾದವನು ನನ್ನ ಗೆಳೆಯನೊಬ್ಬನೇ. ಸಿಟ್ಟಿನಿಂದ ಎದ್ದು ಬಂದಿದ್ದ ನಾನೇ ಮರುದಿನ ನಸುಕಿನಲ್ಲೇ ಹೋಗಿ ಅವನ ಬಾಗಿಲು ತಳ್ಳಿದೆ. ಎಲ್ಲ ಕೇಳಿಸಿಕೊಂಡು ಗೋಡೆಯ ಕಡೆಯಿಂದ ತಿರುಗಿದ.

"ಕುಂಟನ್ನ ತಗ್ಗಿನ್ಯಾಗ ಮುಚ್ಚಿಟ್ಟು ಮಾರಸ್ತೀಯೇನು? ಗಿರಾಕಿಗೆ ಮೋಸ ಮಾಡಿದಂಗ."

"ನೀ ಸೀರಿ ಮಾರೋವಾಗ ಯಾವತ್ತು ಖರೆ ಹೇಳೀದಿ?"

ಅವನ ತುಟಿ ಅಲುಗಿತು. ನಗು ಅಂತ ನಾನು ಹೇಳುವುದಿಲ್ಲ. ಎದ್ದು ಕೂತು, "ಕವರ್ ಎಲ್ಲೈತಿ? ಹಾಸು," ಅಂದ. ಕುಣಿಗೆ ಕೂರಬೇಕಾದರೂ ಕುರ್ಚಿಯಷ್ಟು ಕಾಲು ಬೇಕಲ್ಲ. ಕಳಕೊಂಡದ್ದನ್ನು ತಿರುಗಿ ಗಳಿಸಲು ನಾವು ಮತ್ತೆ ಬಿಸಿ ಟವೆಲಿನಿಂದ ಶುರುಮಾಡಿದೆವು. ಈ ಸಲ ಅವನು ನನ್ನ ಹಿರಿಯರನ್ನು ಬಿಟ್ಟು ನನ್ನನ್ನಷ್ಟೇ ಬೈದ.

ರವಿವಾರ ಬಡಿಗ ಬಂದ. ಕಾಯಿ ಒಡೆದು ಹಲಗೆ ಎತ್ತಿದೆವು. ಕೊಯ್ದ ಅಂಚು ತೊಡೆಗೆ ಒತ್ತದ ಹಾಗೆ ಉಜ್ಜಿಸಿ, ಹಳೆಯ ಗಾದಿಯ ಹತ್ತಿ ತುಂಬಿ ಬಟ್ಟೆ ಹೊಲಿಸಿದೆ. ಫೋನಿನಲ್ಲಿ ಫೋಟೋ ತೆಗೆದು ಮೇಡಂಗೆ ಕಳಿಸಿದೆ. ಪಾದ ತೂಗಾಡಬಾರದು, ಕೆಳಗೆ ಆಧಾರ ಬೇಕು, ಆಗಾಗ ಎದ್ದು ಓಡಾಡಲೇಬೇಕು, ವ್ಯಾಯಾಮ ಬಿಡಬಾರದು ಎಂದು ಉತ್ತರ ಬಂತು. ಪಾದದ ಕೆಳಗೆ ಒಂದು ಮರದ ಪೆಟ್ಟಿಗೆ ಬೋರಲು ಹಾಕಿದೆ. ಬಿಳಿ ಹಾಸನ್ನು ಅಷ್ಟಗಲ ಕತ್ತರಿಸುವಾಗ ಮಾತ್ರ ಸಾಹುಕಾರರು ಹೊರಗೆ ಹೋಗಿ ನಿಂತರು.

ತುಳಸಿ ಲಗ್ನ ಮುಗಿದ ವಾರ ಅವನು ಅಂಗಡಿಗೆ ಬಂದ. ಕೋಲನ್ನು ಬಾಗಿಲ ಹಿಂದೆ ನಿಲ್ಲಿಸಿ, ಗಾದಿ ಮುಟ್ಟಿ ಕಣ್ಣಿಗೊತ್ತಿಕೊಂಡ. ನಾನು ಕೈ ಕೊಡಲು ಹೋಗಲಿಲ್ಲ. ಕಟ್ಟೆಯ ಅಂಚಿಗೆ ಕೂತು, ಸರಿಯುತ್ತಾ ಸರಿಯುತ್ತಾ ಹೋಗಿ, ಮೊದಲು ಒಳ್ಳೆಯ ಕಾಲು, ಆಮೇಲೆ ಕೆಟ್ಟ ಕಾಲು ಕುಣಿಗೆ ಇಳಿಸಿದ. ಮಡಿಲ ಮೇಲೆ ನಾನೊಂದು ಸೀರೆ ಹರಡಿದೆ. ಸಾಹುಕಾರರು ದೂರದಿಂದ ನೋಡಿ, "ಬರೋಬ್ಬರಿ ಕಾಣಸ್ತೈತಿ," ಅಂದರು.

ಮದುವೆಯ ಜವಳಿಗೆಂದು ನಲ್ಗೊಂಡ ಕಡೆಯ ಒಂದು ಕುಟುಂಬ ಬಂತು. ಅಜ್ಜಿ, ತಾಯಿ, ಮದುವಣಗಿತ್ತಿ. ಅವನ ತೆಲುಗು ಹಳೆಯ ಹಾಗೆಯೇ ಹರಿಯಿತು. ಅಜ್ಜಿ ಆಗಲೇ ನಗತೊಡಗಿದ್ದಳು. ನಾನು ಮೊದಲ ಸೀರೆ ಕೊಟ್ಟೆ. ಅವನು ಝಾಡಿಸಿ ಬೀಸಿದ. ಸೀರೆ ಮಾರುದ್ದ ಹೋಗಿ ಮುದುಡಿ ಬಿತ್ತು.

ನಾವು ಯಾರೂ ಅದನ್ನು ಯೋಚಿಸಿರಲಿಲ್ಲ. ಅವನ ಬೀಸು ಇದ್ದದ್ದು ತೋಳಿನಲ್ಲಲ್ಲ, ಮಂಡಿಯ ಮೇಲೆ ಅರ್ಧ ಏಳುವುದರಲ್ಲಿ. ಕುಣಿಯಲ್ಲಿ ಕೂತವನು ಮಂಡಿಯ ಮೇಲೆ ಏಳುವುದು ಹೇಗೆ? ಮತ್ತೊಂದು ಸಲ ಬೀಸಿದ. ಅದೇ ಕತೆ. ಅವನ ಕಿವಿ ಕೆಂಪಾಯಿತು, ಮಾತು ನಿಂತಿತು. ಮದುವಣಗಿತ್ತಿಯ ತಾಯಿ ಬಾಗಿಲ ಕಡೆ ನೋಡಿದಳು. ಸಾಹುಕಾರರ ಕೈ ಕನ್ನಡಕಕ್ಕೆ ಹೋಯಿತು.

ಕಪಾಟಿನ ಹತ್ತಿರದ ನನ್ನ ಜಾಗ ಬಿಟ್ಟು, ಸುತ್ತು ಹಾಕಿ ಹೋಗಿ ಗಿರಾಕಿಗಳ ಪಕ್ಕ ಕೂತೆ. ಅವನು ನನ್ನ ಮುಖ ನೋಡಿದ. ನಾನು ಅಂಗೈ ತೆರೆದು ಹಿಡಿದೆ. ಅವನು ಹಲ್ಲು ಕಚ್ಚಿ ಮೂರನೆಯ ಸೀರೆಯ ಸೆರಗನ್ನು ನನ್ನ ಕಡೆ ಎಸೆದ, ನಾನು ಹಿಡಿದು ಎಳೆದೆ. ನಮ್ಮಿಬ್ಬರ ನಡುವೆ ಸೀರೆ ಗಾದಿಯುದ್ದಕ್ಕೂ ಬಿಚ್ಚಿಕೊಂಡು, ಮೆಲ್ಲಗೆ ಇಳಿದು, ಸೆರಗು ಮದುವಣಗಿತ್ತಿಯ ಮಡಿಲ ಮುಂದೆ ಬಂದು ನಿಂತಿತು. "ಅಬ್ಬಾ" ಅಂದಳು ಅಜ್ಜಿ. ಅವನಿಗೆ ಮಾತು ತಿರುಗಿ ಬಂತು.

ಅವತ್ತು ಸಂಜೆಯ ತನಕ ನಾನು ಸೆರಗು ಹಿಡಿದೆ. ಆ ಕುಟುಂಬದವರು ಮನಸ್ಸು ತುಂಬಿ ಕೊಂಡರು, ಅವರ ಹಿಂದೆ ಬಂದವರೂ ಕೊಂಡರು. ನಡುವೆ ಕೆಲವು ಸಲ ಅವನು ಎದ್ದು, ನನ್ನ ಕಡೆ ನೋಡದೆ, ಅಂಚು ಹಿಡಿದುಕೊಂಡು ತಾನೇ ಹೊರಬಂದು ಓಡಾಡಿ ಮತ್ತೆ ಇಳಿದ. ಪ್ರತಿ ಸಲವೂ ಮುಖ ಹಿಂಡಿತು. ಬೆಳಿಗ್ಗೆ ಎದ್ದು ಕವರು ಹಾಸುವ ಕೆಲಸ ನಾಳೆಯೂ ಇತ್ತು, ಇನ್ನೆಷ್ಟು ದಿನವೋ ಇತ್ತು.

ಬಾಗಿಲು ಹಾಕುವ ಹೊತ್ತಾಯಿತು. ಗಾದಿಯ ಮೇಲೆ ಬಿಚ್ಚಿದ ಸೀರೆಗಳ ರಾಶಿ. ನಾನು ಮಡಚುತ್ತಿದ್ದೆ, ಕಣ್ಣು ಎಳೆಯುತ್ತಿತ್ತು. ಅವನು ಕುಣಿಯಲ್ಲಿ ಕೂತು ಕೊನೆಯ ಗಿರಾಕಿಯ ಬಗ್ಗೆ ಏನೋ ಹೇಳುತ್ತಿದ್ದ, ಬಾಗಿಲ ಕಡೆ ನೋಡುತ್ತಾ. ಹೇಳುತ್ತಾ ಹೇಳುತ್ತಾ, ಮಾತು ನಿಲ್ಲಿಸದೆ, ನಾನು ಎಲ್ಲಿದ್ದೇನೆಂದು ತಿರುಗಿಯೂ ನೋಡದೆ, ಒಂದು ಕೈಯನ್ನು ಮೇಲಕ್ಕೆ ಚಾಚಿದ.

ಮಡಚುತ್ತಿದ್ದ ಸೀರೆ ಬಿಟ್ಟು ಹೋಗಿ ಹಿಡಿದು ಎಳೆದೆ.